ಹೆಬ್ಬೆಟ್ಟು ಓದುವ ಯಂತ್ರವನ್ನು ಓದಿದ ಹುಡುಗ

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ‘ಹೆಬ್ಬೆಟ್ಟು’ ಎಂಬುದು ಒಂದು ಬೆರಳಿನ ಹೆಸರಾಗಿರುವಂತೆ ಒಂದು ಬೈಗುಳವೂ ಆಗಿತ್ತು. ಓದು ಬರಹ ಬಾರದವನನ್ನು ‘ಅಂವ ಹೆಬ್ಬೆಟ್ಟು’ ಎಂದು ಹೇಳಿ ಮಾತು ಮುಗಿಸುತ್ತಿದ್ದರು. ಆ ಮಾತಿನಿಂದ ತಪ್ಪಿಸಿಕೊಳ್ಳುವುದಕ್ಕಾಗಿಯೇ ನಮ್ಮ ಹಿರಿಯರಲ್ಲಿ ಎಷ್ಟೋ ಜನ ನಡುವಯಸ್ಸಿನಲ್ಲಿ ಕಂದೀಲಿನ ಬೆಳಕಿಗೆ ಕುಳಿತು ಸಹಿ ಹಾಕುವುದನ್ನು ಕಲಿತರು. ನನ್ನ ತಂದೆ ಸೊಸೈಟಿಯ ಸಾಲದ ಕಾಗದದ ಮೇಲೆ ಮೊದಲ ಸಲ ಸಹಿ ಹಾಕಿದ ದಿನ ಮನೆಯಲ್ಲಿ ಸಿಹಿ ಮಾಡಿದ್ದರಂತೆ.

ಈಗ ನೋಡಿ, ಕಾಲ ಒಂದು ಸುತ್ತು ತಿರುಗಿ ಬಂದಿದೆ. ಎಂ.ಎ. ಮಾಡಿದವರೂ ಡಾಕ್ಟರೇಟ್ ಪಡೆದವರೂ ಬೆಳಿಗ್ಗೆ ಕಚೇರಿಗೆ ಹೋದೊಡನೆ ಹಾಜರಿಗಾಗಿ ಬೆರಳು ಒತ್ತುತ್ತಾರೆ. ಬ್ಯಾಂಕಿನ ಹಣಕ್ಕೆ ಬೆರಳು, ಸಿಮ್ ಕಾರ್ಡಿಗೆ ಬೆರಳು, ರೇಷನ್ನಿಗೆ ಬೆರಳು. ಒಂದೇ ಒಂದು ವ್ಯತ್ಯಾಸವಿದೆ. ಹಿಂದೆ ಮಸಿ ಹಚ್ಚಿ ಕಾಗದದ ಮೇಲೆ ಒತ್ತಿದ ಗುರುತು ನಮ್ಮ ಕಣ್ಣೆದುರಿಗೇ ಇರುತ್ತಿತ್ತು. ಈಗ ಗಾಜಿನ ಮೇಲಿಟ್ಟ ಬೆರಳು ಎಲ್ಲಿಗೆ ಹೋಯಿತು, ಯಂತ್ರ ಅದರಲ್ಲಿ ಏನು ನೋಡಿತು, ಏಕೆ ಒಪ್ಪಿತು ಅಥವಾ ಏಕೆ ಒಪ್ಪಲಿಲ್ಲ ಎಂಬುದು ನಮಗೆ ತಿಳಿಯುವುದಿಲ್ಲ.

ಬೆರಳಚ್ಚಿನ ಈ ವಿದ್ಯೆ ಬೆಳೆದದ್ದು ನಮ್ಮ ದೇಶದಲ್ಲಿಯೇ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಇಡೀ ಅಂಗೈಯ ಗುರುತನ್ನು ಕರಾರುಪತ್ರದ ಮೇಲೆ ಪಡೆದ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಬ್ಯೂರೋ ಆರಂಭವಾಯಿತು. ಸಾವಿರಾರು ಬೆರಳಚ್ಚುಗಳನ್ನು ವಿಂಗಡಿಸಿ ಬೇಕಾದುದನ್ನು ಬೇಗ ಹುಡುಕುವ ಲೆಕ್ಕಾಚಾರವನ್ನು ರೂಪಿಸುವಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಪೊಲೀಸ್ ನೌಕರರ ಪಾಲು ದೊಡ್ಡದು. ಆದರೆ ಆ ಪದ್ಧತಿಗೆ ಜಗತ್ತು ಇಟ್ಟ ಹೆಸರು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು. ಒಳಗಿನ ಕೆಲಸ ಮಾಡಿದವರು ಕಾಣದೆ ಹೋಗುವುದು ಈ ವಿದ್ಯೆಗೆ ಹುಟ್ಟಿನಿಂದಲೇ ಬಂದದ್ದೇನೋ!

ಯಂತ್ರ ಏಕೆ ಒಪ್ಪಲಿಲ್ಲ ಎಂಬ ಪ್ರಶ್ನೆಯನ್ನು ನನ್ನ ಹತ್ತಿರ ಕೇಳಿದವರು ಇಬ್ಬರು. ಒಬ್ಬರು ಎಪ್ಪತ್ತು ದಾಟಿದ ನಮ್ಮ ಅತ್ತೆ. ಇನ್ನೊಬ್ಬ ಬಿ.ಸಿ.ಎ. ಓದುತ್ತಿದ್ದ ನನ್ನ ಅಣ್ಣನ ಮಗ.

ಅತ್ತೆಯವರದು ಅಫಜಲಪುರ ತಾಲೂಕಿನಲ್ಲಿ ಭೀಮಾ ನದಿಯ ದಂಡೆಯ ಒಂದು ಹಳ್ಳಿ. ಬದುಕಿಡೀ ಹೊಲದಲ್ಲಿ ದುಡಿದ ಕೈ. ತೊಗರಿ ಕೊಯ್ದು, ಹತ್ತಿ ಬಿಡಿಸಿ, ಜೋಳದ ದಂಟು ಮುರಿದು ಬೆರಳಿನ ತುದಿಗಳು ಹಳೆಯ ಬೀಸುಕಲ್ಲಿನ ಹಾಗೆ ನುಣುಪಾಗಿವೆ. ಒಂದು ವರ್ಷ ತೊಗರಿಯ ರಾಶಿ ಮುಗಿದ ವಾರ ರೇಷನ್ ಅಂಗಡಿಗೆ ಹೋದರೆ ಯಂತ್ರ ಅವರ ಬೆರಳನ್ನು ಒಪ್ಪಲಿಲ್ಲ. ಅಂಗಡಿಯವನು ಪಾಪ, ಒಳ್ಳೆಯವನೇ. ಕೈ ತೊಳೆದು ಬನ್ನಿ ಎಂದ, ತಲೆಗೆ ಉಜ್ಜಿ ಎಣ್ಣೆಯ ಪಸೆ ಮಾಡಿಕೊಳ್ಳಿ ಎಂದ, ಬೇರೆ ಬೆರಳು ಇಡಿ ಎಂದ. ಯಾವುದಕ್ಕೂ ಯಂತ್ರ ಜಗ್ಗಲಿಲ್ಲ. ಮೊಬೈಲಿಗೆ ಓ.ಟಿ.ಪಿ. ತರಿಸೋಣವೆಂದರೆ ಆ ನಂಬರಿನ ಫೋನು ಪುಣೆಯಲ್ಲಿ ಕೆಲಸಕ್ಕಿರುವ ಮಗನ ಜೇಬಿನಲ್ಲಿ. ಮರುದಿನ ಅವನು ಫೋನಿನಲ್ಲಿ ಅಂಕೆಗಳನ್ನು ಓದಿ ಹೇಳಿದ ಮೇಲೆಯೇ ಅಕ್ಕಿ ಸಿಕ್ಕಿದ್ದು.

ಆ ಸಲ ನಾವು ಊರಿಗೆ ಹೋದಾಗ ಅತ್ತೆ ನನಗೆ ಹೇಳಿದ್ದು ಇಷ್ಟೇ: “ನನ್ ಬಳ್ಳು ನಂದೇ ಅಲ್ಲ ಅಂತದ್ರಿ ಅದು. ಯಾಕ ಅಂತ ಕೇಳಿದ್ರ ಬಾಯೇ ಬಿಡಂಗಿಲ್ಲ. ನೀವು ಕಾಲೇಜಿನಾಗ ಕಂಪ್ಯೂಟರ್ ಕಲಸ್ತೀರಿ, ನೀವರೆ ಹೇಳ್ರಿ.”

ಬೆರಳಿನ ಗೆರೆ ಸವೆದಿದ್ದರಿಂದ ಹಾಗಾಯಿತು ಎಂದು ನಾನು ಹೇಳಿದೆ. ಅದು ಸರಿಯಾದ ಉತ್ತರವೇ. ಆದರೆ ಅವರು ಕೇಳಿದ್ದು ಕಾರಣವನ್ನು ಯಂತ್ರ ತಾನೇ ಏಕೆ ಹೇಳುವುದಿಲ್ಲ ಎಂದು. ಅದಕ್ಕೆ ಉತ್ತರ ದೊರೆತದ್ದು ಅಣ್ಣನ ಮಗನಿಂದ.

ನನ್ನ ಅಣ್ಣ ಜೇವರ್ಗಿಯಲ್ಲಿ ಸಣ್ಣದೊಂದು ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾನೆ. ಮಗ ಕಲಬುರಗಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ. ಅವನಿಗಾಗಿ ಅಣ್ಣ ಒಂದು ಹಳೆಯ ಲ್ಯಾಪ್‌ಟಾಪ್ ಕೊಂಡ. ಅದರಲ್ಲಿದ್ದ ವಿಂಡೋಸ್ ಆಮೆಯ ನಡಿಗೆಯಲ್ಲಿ ನಡೆಯುತ್ತಿದ್ದುದರಿಂದ ಹುಡುಗ ಅದಕ್ಕೆ ಲಿನಕ್ಸ್ ಹಾಕಿಸಿಕೊಂಡ. ಲಿನಕ್ಸ್ ಎಂಬುದು ಯಾರು ಬೇಕಾದರೂ ಒಳಗೆ ನೋಡಿ ತಿದ್ದಬಹುದಾದ, ಹಣ ಕೊಡದೆ ಬಳಸಬಹುದಾದ ಮುಕ್ತ ತಂತ್ರಾಂಶ. ಎಲ್ಲವೂ ನಡೆಯಿತು. ಕೀಲಿಮಣೆಯ ಪಕ್ಕದಲ್ಲಿದ್ದ ಬೆರಳಚ್ಚು ಓದುವ ಪುಟ್ಟ ಚೌಕ ಮಾತ್ರ ಸತ್ತಂತೆ ಬಿದ್ದಿತ್ತು.

ಏಕೆ ಹೀಗೆ? ಕಂಪ್ಯೂಟರಿಗೂ ಅದಕ್ಕೆ ಜೋಡಿಸಿದ ಪ್ರತಿಯೊಂದು ಸಾಧನಕ್ಕೂ ನಡುವೆ ಒಬ್ಬ ದುಭಾಷಿ ಬೇಕು. ಅದನ್ನೇ ಡ್ರೈವರ್ ಎನ್ನುತ್ತಾರೆ. ಸಾಧನ ತಯಾರಿಸಿದವರು ಅದರ ಭಾಷೆಯನ್ನು ಬಹಿರಂಗಪಡಿಸಿದರೆ ಯಾರು ಬೇಕಾದರೂ ದುಭಾಷಿಯನ್ನು ಸಿದ್ಧಮಾಡಬಹುದು. ಬಚ್ಚಿಟ್ಟರೆ, ಅವರು ವಿಂಡೋಸಿಗಾಗಿ ಕೊಟ್ಟ ಒಬ್ಬನೇ ದುಭಾಷಿ ಗತಿ. ಹುಡುಗ ತಯಾರಕರಿಗೆ ಎರಡು ಸಲ ಪತ್ರ ಬರೆದ. ಧನ್ಯವಾದ ಹೇಳುವ ಉತ್ತರ ಬಂತು; ಮಾಹಿತಿ ಬರಲಿಲ್ಲ.

ಆಗ ಅವನು ಹಿಡಿದ ದಾರಿಯೇ ರಿವರ್ಸ್ ಇಂಜಿನಿಯರಿಂಗ್. ಹೆಸರು ದೊಡ್ಡದಾದರೂ ಕೆಲಸ ನಮಗೆ ಗೊತ್ತಿರುವುದೇ. ರುಚಿ ನೋಡಿ ಪುಡಿಯಲ್ಲಿ ಏನೇನು ಬಿದ್ದಿದೆ ಎಂದು ಹೇಳುವ ಹೆಂಗಸರು ಪ್ರತಿ ಊರಿನಲ್ಲೂ ಇದ್ದಾರೆ, ಇದೂ ಹಾಗೆಯೇ. ಲಿನಕ್ಸಿನ ಒಳಗೇ ವಿಂಡೋಸನ್ನು ಒಂದು ಪೆಟ್ಟಿಗೆಯಲ್ಲಿಟ್ಟ ಹಾಗೆ ಓಡಿಸಬಹುದು. ಬೆರಳಚ್ಚಿನ ಸಾಧನವನ್ನು ಆ ಪೆಟ್ಟಿಗೆಗೆ ಒಪ್ಪಿಸಿ, ಇಬ್ಬರ ನಡುವೆ ಯು.ಎಸ್.ಬಿ. ತಂತಿಯ ಮೇಲೆ ಹರಿಯುವ ಪ್ರತಿಯೊಂದು ಸಂದೇಶವನ್ನೂ ಹೊರಗಿನಿಂದ ಬರೆದಿಟ್ಟುಕೊಳ್ಳಬಹುದು. ಬೆರಳು ಇಟ್ಟಾಗ ಏನು ಹರಿಯಿತು, ಇಡದಿದ್ದಾಗ ಏನು ಹರಿಯಿತು, ಒದ್ದೆ ಬೆರಳಿಗೆ ಏನು, ಒಣ ಬೆರಳಿಗೆ ಏನು ಎಂದು ಹೋಲಿಸುತ್ತಾ ಹೋದರೆ ಭಾಷೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಹುಡುಗ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಎಲ್ಲವನ್ನೂ ಬರೆಯುತ್ತಿದ್ದ.

ಕನ್ನಡದ ಓದುಗರಿಗೆ ಇದು ಹೊಸದೇನಲ್ಲ. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಬರಹಗಳು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಯಾವ ಚಿಹ್ನೆಯ ಹಿಂದೆ ಯಾವ ಅಕ್ಷರವಿದೆ ಎಂದು ಒಂದೊಂದಾಗಿ ಹೋಲಿಸಿ ಪಟ್ಟಿ ಮಾಡಿ, ಯೂನಿಕೋಡಿಗೆ ಬದಲಿಸುವ ಸಾಧನಗಳನ್ನು ಆಸಕ್ತರು ಕಟ್ಟಿದ್ದರಿಂದಲೇ ಎಷ್ಟೋ ಬರಹ ಇಂದು ಓದಲು ಉಳಿದಿದೆ.

ಆದರೆ ಹುಡುಗನ ಸಾಧನ ಇನ್ನೊಂದು ಹೆಜ್ಜೆ ಮುಂದಿತ್ತು. ಮೊದಲ ಕೆಲವು ಸಂದೇಶಗಳಾದ ಮೇಲೆ ಉಳಿದುದೆಲ್ಲ ಗೂಢಲಿಪಿ. ಒಂದೇ ಬೆರಳನ್ನು ಹತ್ತು ಸಲ ಇಟ್ಟರೆ ಹತ್ತು ಸಲವೂ ಬೇರೆಬೇರೆ ಅಂಕೆಗಳ ರಾಶಿ. ಮೂರು ವಾರ ಅವನ ನೋಟ್‌ಬುಕ್ಕು ಮುಂದೆ ಸಾಗಲಿಲ್ಲ. ಒಂದು ರಾತ್ರಿ ಗೂಢ ಸಂಭಾಷಣೆ ಆರಂಭವಾಗುವ ಜಾಗದಲ್ಲಿ 16 03 03 ಎಂಬ ಮೂರು ಅಂಕೆಗಳು ಪ್ರತಿಸಲವೂ ಬರುತ್ತಿರುವುದು ಅವನ ಕಣ್ಣಿಗೆ ಬಿತ್ತು. ಅದು ಟಿ.ಎಲ್.ಎಸ್. ಎಂಬ ಪದ್ಧತಿಯ ಕೈಕುಲುಕು. ನಾವು ಬ್ಯಾಂಕಿನ ಜಾಲತಾಣ ತೆರೆದಾಗ ನಮ್ಮ ಕಂಪ್ಯೂಟರಿಗೂ ಬ್ಯಾಂಕಿಗೂ ನಡುವೆ ನಡೆಯುವ ಗುಟ್ಟಿನ ಮಾತಿಗೂ ಇದೇ ಪದ್ಧತಿ. ಒಂದು ಗೇಣು ಉದ್ದದ ತಂತಿಯ ಎರಡು ತುದಿಗಳ ನಡುವೆ ಅಂಥ ಬಂದೋಬಸ್ತು!

ಬಂದೋಬಸ್ತು ತಪ್ಪೇನಲ್ಲ. ನಡುವೆ ಕಳ್ಳ ಸಾಧನವೊಂದನ್ನು ಸಿಕ್ಕಿಸಿ ಬೆರಳಚ್ಚು ಕದಿಯುವವರು ಇರಬಹುದು. ಗುಪ್ತಪದ ಕಳುವಾದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಆದ್ದರಿಂದ ಗೂಢಲಿಪಿ ಇರಲೇಬೇಕು. ಆದರೆ ಯಂತ್ರವನ್ನು ದುಡ್ಡು ಕೊಟ್ಟು ಕೊಂಡವನಿಗೂ ಅದು ಅಪರಿಚಿತನಂತೆ ಬಾಗಿಲು ಮುಚ್ಚಬೇಕೆ ಎಂಬುದು ಹುಡುಗನ ಪ್ರಶ್ನೆ.

ಈ ಹೊತ್ತಿಗೆ ಮನೆಯಲ್ಲಿ ಅಸಮಾಧಾನ ಬೆಳೆದಿತ್ತು. ರಾತ್ರಿ ಎರಡು ಗಂಟೆಯವರೆಗೆ ದೀಪ, ಆಂತರಿಕ ಪರೀಕ್ಷೆಯಲ್ಲಿ ಎರಡು ವಿಷಯಕ್ಕೆ ಕಡಿಮೆ ಅಂಕ. ಒಂದು ಭಾನುವಾರ ಅಣ್ಣ ನನ್ನನ್ನು ಕರೆಸಿ ಕೇಳಿದ: “ನಿಮ್ ಮಗ ಯಾನ್ ಮಾಡ್ಲತ್ತಾನ ನೋಡಪ. ಕಂಪನಿಯವ್ರು ಕೀಲಿ ಹಾಕ್ಯಾರ, ಇಂವ ಅದನ್ನ ಮುರೀಲತ್ತಾನ. ಇದು ಕಳುವು ಅಲ್ಲೇನು? ನಾಳಿಗಿ ಪೊಲೀಸ್ರು ಬಂದ್ರ?”

ಹುಡುಗ ತಲೆ ತಗ್ಗಿಸಿಯೇ ಹೇಳಿದ: “ಅಪ್ಪಾ, ಮನಿ ನಮ್ದು, ಬಾಗ್ಲ ನಮ್ದು, ಬಳ್ಳು ನಂದು. ಯಾರ ಮನಿಗಿ ಕನ್ನ ಹಾಕ್ಲತ್ತೀನಿ ನಾ?”

ಅಣ್ಣನ ಹೆದರಿಕೆ ಎಲ್ಲ ತಂದೆ ತಾಯಿಯರದೂ ಹೌದು. ಅದಕ್ಕಾಗಿ ಕಾನೂನಿನ ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 1999ರಲ್ಲಿ ತಿದ್ದುಪಡಿಯಾಯಿತು. ಒಂದು ತಂತ್ರಾಂಶವನ್ನು ನ್ಯಾಯವಾಗಿ ಪಡೆದವನು, ತಾನು ಸ್ವತಂತ್ರವಾಗಿ ಬರೆದ ತಂತ್ರಾಂಶವು ಅದರೊಡನೆ ಹೊಂದಿಕೊಂಡು ನಡೆಯಲು ಬೇಕಾದ ಮಾಹಿತಿಯನ್ನು ಅದರಿಂದ ತಿಳಿದುಕೊಳ್ಳುವುದು ಕೃತಿಸ್ವಾಮ್ಯದ ಉಲ್ಲಂಘನೆಯಾಗದು. ಆ ಮಾಹಿತಿ ಬೇರೆ ಕಡೆ ಸುಲಭವಾಗಿ ಸಿಗುವಂತಿರಬಾರದು, ಅಷ್ಟೇ. ಕಾಯ್ದೆಯ 52ನೆಯ ಕಲಮಿನಲ್ಲಿ ಇದು ಇದೆ. ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಬೇಕು. ಇನ್ನೊಬ್ಬರ ಕಂಪ್ಯೂಟರಿಗೆ ಒಪ್ಪಿಗೆಯಿಲ್ಲದೆ ಕೈ ಹಾಕುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಅಪರಾಧ. ಗೆರೆ ಇರುವುದು ಇಲ್ಲಿಯೇ: ಸಾಧನ ಯಾರದು, ಬೆರಳು ಯಾರದು, ಒಪ್ಪಿಗೆ ಇದೆಯೇ.

ಅಣ್ಣನಿಗೆ ನಾನು ಇನ್ನೊಂದು ವಿಷಯವನ್ನೂ ಹೇಳಿದೆ. ಲಿನಕ್ಸಿನಲ್ಲಿ ಬೆರಳಚ್ಚು ಸಾಧನಗಳನ್ನು ನಡೆಸುವ ‘ಲಿಬ್‌ಎಫ್‌ಪ್ರಿಂಟ್’ ಎಂಬ ಮುಕ್ತ ತಂತ್ರಾಂಶ 2007ರ ಸುಮಾರಿಗೆ ಆರಂಭವಾದದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಡೇನಿಯಲ್ ಡ್ರೇಕ್ ಎಂಬ ವಿದ್ಯಾರ್ಥಿಯ ಪ್ರಾಜೆಕ್ಟ್ ಆಗಿ. ಅದರಲ್ಲಿ ಬೆರಳಚ್ಚು ಹೋಲಿಸುವ ಭಾಗಕ್ಕೆ ಅಮೆರಿಕ ಸರ್ಕಾರದ ಅಳತೆ ಮಾನಕಗಳ ಸಂಸ್ಥೆ ಮುಕ್ತವಾಗಿ ಕೊಟ್ಟ ತಂತ್ರಾಂಶ ಒದಗಿತು. ಗೂಢಲಿಪಿಯ ಸಾಧನಗಳು ಬಂದಾಗ ಬೇರೆಬೇರೆ ದೇಶಗಳ ಆಸಕ್ತರು ತಮ್ಮತಮ್ಮ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಬ್ಬರು ಕಂಡದ್ದನ್ನು ಇನ್ನೊಬ್ಬರಿಗೆ ತಿಳಿಸುತ್ತಾ ವ್ಯಾಲಿಡಿಟಿ ಎಂಬ ಹೆಸರಿನ ಸಾಧನಗಳ ಭಾಷೆಯನ್ನು ಬಿಡಿಸಿದರು. ಮುಂದೆ ಆ ವ್ಯಾಲಿಡಿಟಿಯನ್ನು ಕೊಂಡಿದ್ದ ಸಿನಾಪ್ಟಿಕ್ಸ್ ಕಂಪನಿಯೇ ತನ್ನ ಕೆಲವು ಹೊಸ ಸಾಧನಗಳಿಗೆ ಲಿನಕ್ಸ್ ಡ್ರೈವರನ್ನು ಮುಕ್ತವಾಗಿ ಕೊಟ್ಟಿತು. ಕೇಳುವವರು ಇದ್ದುದರಿಂದ ಕೊಡುವವರು ಬಂದರು.

ಇಂಥ ಶೋಧನೆಯಿಂದ ಭದ್ರತೆ ಹಾಳಾಗುತ್ತದೆ ಎಂದು ಹೇಳುವವರಿದ್ದಾರೆ. 2023ರಲ್ಲಿ ಮೈಕ್ರೋಸಾಫ್ಟ್ ತಾನೇ ಕೇಳಿಕೊಂಡು ಬ್ಲ್ಯಾಕ್‌ವಿಂಗ್ ಇಂಟೆಲಿಜೆನ್ಸ್ ಎಂಬ ಸಂಸ್ಥೆಯಿಂದ ಮೂರು ಲ್ಯಾಪ್‌ಟಾಪ್‌ಗಳ ಬೆರಳಚ್ಚು ವ್ಯವಸ್ಥೆಯನ್ನು ಪರೀಕ್ಷೆ ಮಾಡಿಸಿತು. ಮೂರರಲ್ಲಿಯೂ ಒಳನುಗ್ಗುವ ದಾರಿ ಸಿಕ್ಕಿತು. ಅವುಗಳಲ್ಲಿ ಒಂದರ ಗೂಢಲಿಪಿಯನ್ನು ಕಾಪಾಡುತ್ತಿದ್ದ ಕೀಲಿ ಹುಟ್ಟುತ್ತಿದ್ದುದು ಆ ಯಂತ್ರದ ಮಾದರಿಯ ಹೆಸರು ಮತ್ತು ಕ್ರಮಸಂಖ್ಯೆಯಿಂದ. ಅವೆರಡೂ ಲ್ಯಾಪ್‌ಟಾಪಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿಯೇ ಅಚ್ಚಾಗಿರುತ್ತವೆ! ಕೀಲಿಯ ಕೈಯನ್ನು ಬಾಗಿಲ ಮೇಲಿನ ಮಾಡದಲ್ಲಿಟ್ಟು ಯಾರಿಗೂ ಕಾಣದು ಎಂದು ನಂಬಿದ ಹಾಗಾಯಿತು. ಬೀಗದ ವಿಧಾನ ಎಲ್ಲರಿಗೂ ಗೊತ್ತಿದ್ದರೂ ಕೀಲಿಯೊಂದು ಗುಟ್ಟಾಗಿದ್ದರೆ ಸಾಕು ಎನ್ನುವಂತಿರಬೇಕು ನಿಜವಾದ ಬೀಗ ಎಂದು ಆಗಸ್ಟ್ ಕೆರ್ಕಾಫ್ಸ್ ಎಂಬ ಭಾಷಾಪಂಡಿತ 1883ರಷ್ಟು ಹಿಂದೆಯೇ ಬರೆದಿದ್ದ. ಬಿಚ್ಚಿ ನೋಡುವವರು ಇಲ್ಲದಿದ್ದರೆ ಆ ಚೀಟಿಯ ಸಂಗತಿ ಕಳ್ಳರಿಗೆ ಮಾತ್ರ ಗೊತ್ತಿರುತ್ತಿತ್ತು.

ಅಣ್ಣ ಪೂರ್ತಿ ಒಪ್ಪಲಿಲ್ಲ. ಅಂಕ ಕಡಿಮೆಯಾಗಬಾರದು, ರಾತ್ರಿ ಹನ್ನೊಂದಕ್ಕೆ ದೀಪ ಆರಬೇಕು ಎಂಬ ಎರಡು ಷರತ್ತು ಹಾಕಿದ. ಹುಡುಗ ಎರಡನ್ನೂ ಪಾಲಿಸಿದ.

ಅವನ ತರ್ಕ ಸರಳವಾಗಿತ್ತು. ಇಬ್ಬರು ಗೂಢಲಿಪಿಯಲ್ಲಿ ಮಾತಾಡಬೇಕಾದರೆ ಇಬ್ಬರ ಹತ್ತಿರವೂ ಕೀಲಿ ಇರಬೇಕು. ಒಬ್ಬ ಸಾಧನ; ಇನ್ನೊಬ್ಬ ತನ್ನದೇ ಲ್ಯಾಪ್‌ಟಾಪಿನಲ್ಲಿ ಓಡುತ್ತಿರುವ ವಿಂಡೋಸ್ ಡ್ರೈವರ್. ಅಂದರೆ ಕೀಲಿ ತನ್ನ ಕಂಪ್ಯೂಟರಿನ ನೆನಪಿನಲ್ಲಿಯೇ ಎಲ್ಲೋ ಇದೆ. ಡ್ರೈವರ್ ಒಂದೊಂದೇ ಹೆಜ್ಜೆ ಇಡುವಂತೆ ಮಾಡಿ, ಪ್ರತಿ ಹೆಜ್ಜೆಯಲ್ಲೂ ನೆನಪಿನಲ್ಲಿ ಏನಿದೆ ಎಂದು ನೋಡುತ್ತಾ ಹೋದ. ಐದನೆಯ ತಿಂಗಳಿನಲ್ಲಿ ಕೀಲಿ ಸಿಕ್ಕಿತು. ಅದರಿಂದ ಸಂದೇಶಗಳನ್ನು ಬಿಡಿಸಿದಾಗ ಅಂಕೆಗಳ ರಾಶಿ ಒಂದು ಚಿಕ್ಕ ಬೂದುಬಣ್ಣದ ಚಿತ್ರವಾಗಿ ನಿಂತಿತು: ಅವನದೇ ಹೆಬ್ಬೆರಳು, ಚಿಕ್ಕಂದಿನಲ್ಲಿ ಕುಡುಗೋಲು ತಾಗಿದ ಗಾಯದ ಅಡ್ಡಗೆರೆಯ ಸಮೇತ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಚಿತ್ರ ಪಡೆಯುವುದು ಬೇರೆ, ಗುರುತಿಸುವುದು ಬೇರೆ. ಸಾಧನ ಉಗುರಿನಷ್ಟು ಚಿಕ್ಕದು. ಅದಕ್ಕೆ ಕಾಣುವುದು ಬೆರಳಿನ ಒಂದು ತುಣುಕು. ಗೆರೆಗಳು ಎಲ್ಲಿ ಕವಲೊಡೆಯುತ್ತವೆ, ಎಲ್ಲಿ ನಿಲ್ಲುತ್ತವೆ ಎಂಬ ಬಿಂದುಗಳನ್ನು ಹೋಲಿಸಿ ಗುರುತಿಸುವ ಪದ್ಧತಿಗೆ ಅಷ್ಟು ಚಿಕ್ಕ ತುಣುಕಿನಲ್ಲಿ ಬಿಂದುಗಳೇ ಸಾಲುವುದಿಲ್ಲ. ಅವನ ಡ್ರೈವರ್ ಹತ್ತು ಸಲ ಬೆರಳಿಟ್ಟರೆ ಆರೇಳು ಸಲ ಒಪ್ಪುತ್ತಿತ್ತು. ಒಪ್ಪುವ ಮಟ್ಟವನ್ನು ಸಡಿಲಿಸಿದರೆ ತಂಗಿಯ ಬೆರಳಿಗೂ ಬಾಗಿಲು ತೆರೆಯುವ ಅಪಾಯ. ಬಿಗಿ ಮಾಡಿದರೆ ತನ್ನ ಬೆರಳಿಗೇ ಇಲ್ಲ. ಯಂತ್ರದ ‘ಹೌದು’, ‘ಅಲ್ಲ’ಗಳ ಹಿಂದೆ ಯಾರೋ ಮನುಷ್ಯರು ಕುಳಿತು ಆರಿಸಿದ ಒಂದು ಅಂಕೆ ಇರುತ್ತದೆ ಎಂದು ಅವನಿಗೆ ಅಂದು ತಿಳಿಯಿತು.

ದೀಪಾವಳಿಗೆ ಎಲ್ಲರೂ ಅತ್ತೆಯ ಊರಿಗೆ ಹೋಗಿದ್ದೆವು. ಹುಡುಗ ಅವರ ಒಪ್ಪಿಗೆ ಕೇಳಿ ಲ್ಯಾಪ್‌ಟಾಪಿನ ಮೇಲೆ ಅವರ ಬೆರಳು ಇಡಿಸಿದ. ತೆರೆಯ ಮೇಲೆ ಮೂಡಿದ ಚಿತ್ರದಲ್ಲಿ ಗೆರೆಗಳು ಅಲ್ಲಲ್ಲಿ ಕಡಿದುಹೋಗಿ, ನಡುವೆ ಬಿಳಿಯ ಬಯಲು. ಮಗ್ಗುಲಲ್ಲಿ ತನ್ನ ಬೆರಳಿನ ಚಿತ್ರವನ್ನಿಟ್ಟು ತೋರಿಸಿದ. ಅತ್ತೆ ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು. “ಇಷ್ಟ್ ಸವದದೇನೋ ತಮ್ಮಾ?” ಎಂದರು. ಸ್ವಲ್ಪ ತಡೆದು, “ಆ ರೇಷನ್ ಅಂಗಡಿದು ಇಷ್ಟು ತೋರ್ಸಿದ್ರ ಸಾಕಾಗಿತ್ತಲ್ಲ, ನಾ ಸುಮ್ನ ಹೊಳ್ಳಿ ಬರ್ತಿದ್ದೆ. ಸುಳ್ಳಿ ಅಂದಂಗ ಆತು ಅಂತ ಜೀವಕ್ಕ ಹತ್ತಿತ್ತು” ಎಂದರು. ಹುಡುಗ ಅವರೆದುರಿಗೇ ಆ ಚಿತ್ರವನ್ನು ಅಳಿಸಿದ.

ಆ ರಾತ್ರಿ ಅವನು ತನ್ನ ಡ್ರೈವರಿಗೆ ಮತ್ತಷ್ಟು ಸಾಲುಗಳನ್ನು ಸೇರಿಸಿದ. ಲಿಬ್‌ಎಫ್‌ಪ್ರಿಂಟ್‌ನಲ್ಲಿ ಬೆರಳನ್ನು ನಡುವೆ ಇಡಿ, ಬೆರಳು ತೆಗೆದು ಮತ್ತೆ ಇಡಿ ಎಂದು ಹೇಳುವ ವ್ಯವಸ್ಥೆ ಇದೆ. ಚಿತ್ರ ಸರಿಯಿಲ್ಲದಿದ್ದರೆ ಬರಿದೆ ‘ಹೊಂದಲಿಲ್ಲ’ ಎನ್ನದೆ ಅಂಥ ಮಾತೊಂದನ್ನು ತನ್ನ ಡ್ರೈವರೂ ಹೇಳುವಂತೆ ಮಾಡಿದ.

ರೇಷನ್ ಅಂಗಡಿಯ ಯಂತ್ರಕ್ಕೂ ಇದನ್ನೇ ಮಾಡೋಣವೇ ಕಾಕಾ ಎಂದು ಅವನು ಕೇಳಿದಾಗ ನಾನು ಖಂಡಿತ ಬೇಡ ಎಂದೆ. ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಓದಬೇಕು. ಆಧಾರ್ ಪರಿಶೀಲನೆಗೆ 2017ರಿಂದ ನೋಂದಾಯಿತ ಸಾಧನಗಳೇ ಬೇಕೆಂಬ ನಿಯಮ ಬಂತು. ಬೆರಳಚ್ಚನ್ನು ಗೂಢಲಿಪಿಗೆ ತಿರುಗಿಸಿ, ಸಾಧನದ ಮುದ್ರೆಯೊತ್ತಿಯೇ ಮುಂದೆ ಕಳಿಸುತ್ತಾರೆ. ಅಲ್ಲಿ ಹಾದುಹೋಗುವುದು ಇಡೀ ಊರಿನ ಬೆರಳುಗಳು. ಅದನ್ನು ಬಿಚ್ಚುವುದು ನಮ್ಮ ಹಕ್ಕಲ್ಲ. ಅಲ್ಲಿ ಪ್ರಶ್ನೆ ಕೇಳಬೇಕಾದದ್ದು ಅರ್ಜಿಯಿಂದ, ಗ್ರಾಮಸಭೆಯಲ್ಲಿ, ಬೇಕಾದರೆ ನ್ಯಾಯಾಲಯದಲ್ಲಿ. ಆಧಾರ್ ಕುರಿತು 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರು ಎಂಬತ್ತು ದಾಟಿದ್ದರು. ಆ ಮೊಕದ್ದಮೆಯಿಂದಲೇ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಪ್ರಶ್ನೆ ಕೇಳಲು ವಯಸ್ಸು ಅಡ್ಡಿಯಲ್ಲ. ದಾರಿ ಮಾತ್ರ ಸರಿಯಾಗಿರಬೇಕು.

ಹುಡುಗನ ಡ್ರೈವರ್ ಇನ್ನೂ ಲಿನಕ್ಸಿನ ಮುಖ್ಯ ಸಂಗ್ರಹಕ್ಕೆ ಸೇರಿಲ್ಲ. ಅದನ್ನು ನೋಡಿದವರು ಚಿಕ್ಕಚಿಕ್ಕ ತುಂಡುಗಳಾಗಿ ಮಾಡು, ಪ್ರತಿಯೊಂದಕ್ಕೂ ಪರೀಕ್ಷೆ ಬರೆ ಎಂದು ತಿರುಗಿ ಕಳಿಸಿದ್ದಾರೆ. ಅವನು ತಿದ್ದುತ್ತಿದ್ದಾನೆ. ಅದೇ ಮಾದರಿಯ ಲ್ಯಾಪ್‌ಟಾಪ್ ಇರುವ ಇಬ್ಬರು ಹೊರದೇಶದವರು ತಮ್ಮಲ್ಲಿ ಅದು ನಡೆಯಿತು ಎಂದು ಬರೆದರು. ಅಂಥ ಸಂಗ್ರಹಗಳಲ್ಲಿ ಯಾವ ಸಾಲನ್ನು ಯಾರು ಬರೆದರು ಎಂಬುದು ಅಳಿಯದಂತೆ ದಾಖಲಾಗುತ್ತದೆ. ಹಕ್ ಮತ್ತು ಬೋಸರಿಗೆ ಆದದ್ದು ಅಲ್ಲಿ ಆಗಲಾರದು. “ಇದ್ರಿಂದ ನೌಕ್ರಿ ಸಿಗ್ತದೇನು?” ಎಂದು ಅಣ್ಣ ಈಗಲೂ ಕೇಳುತ್ತಾನೆ. ಸಿಗುತ್ತದೆ ಎಂದು ನಾನು ಭರವಸೆ ಕೊಟ್ಟಿಲ್ಲ. ಆದರೆ ಅಂಗಡಿಯ ಗಲ್ಲೆಯ ಹಿಂದೆ ಹುಡುಗನ ಆ ಇನ್ನೂರು ಪುಟದ ನೋಟ್‌ಬುಕ್ಕಿಗೆ ಅಣ್ಣ ತಾನೇ ಖಾಕಿ ಕಾಗದದ ಹೊದಿಕೆ ಹಾಕಿದ್ದನ್ನು ನಾನು ನೋಡಿದ್ದೇನೆ.

ಕಲಬುರಗಿಯಲ್ಲಿ 1958ರಿಂದ ಇಂಜಿನಿಯರಿಂಗ್ ಕಾಲೇಜಿದೆ. ಆಳಂದ ತಾಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಆದರೂ ಇಂಥ ಕೆಲಸ ಬೆಂಗಳೂರಿನವರದು, ಪರದೇಶದವರದು ಎಂದು ನಮ್ಮ ಮಕ್ಕಳು ತಿಳಿದಿದ್ದಾರೆ. ಅದಕ್ಕೆ ಬೇಕಾದದ್ದು ಒಂದು ಹಳೆಯ ಲ್ಯಾಪ್‌ಟಾಪ್, ಒಂದು ನೋಟ್‌ಬುಕ್ಕು, ಸ್ವಲ್ಪ ತಾಳ್ಮೆ. ತಂದೆ ತಾಯಂದಿರಲ್ಲಿ ನನ್ನದೊಂದು ಬಿನ್ನಹ. ಮಕ್ಕಳು ಏನನ್ನೋ ಬಿಚ್ಚಿ ಕುಳಿತಾಗ, ಅದು ಯಾರದು ಎಂದು ಮೊದಲು ಕೇಳಿ. ಅವರದೇ ಆಗಿದ್ದರೆ, ಒಳಗೆ ಏನು ಕಂಡಿತು ಎಂದು ಆಮೇಲೆ ಕೇಳಿ. ಎರಡನೆಯ ಪ್ರಶ್ನೆಗೆ ಅವರು ಕೊಡುವ ಉತ್ತರ ಅರ್ಥವಾಗದಿದ್ದರೂ ಚಿಂತೆಯಿಲ್ಲ, ಕುಳಿತು ಪೂರ್ತಿ ಕೇಳಿ.